ಬೆನ್ನು ಮಾಡಿ ಕುಳಿತ ದಂಪತಿಯ ಚಿತ್ರ ಏನು ಹೇಳುತ್ತದೆ?

ಪ್ರಶ್ನೆ: ನಮ್ಮ ಮದುವೆಗೆ ನನ್ನ ಪತಿಯ ಸೋದರಮಾವ ತಾವೇ ಬರೆದ ಹಳೆಯ ಜಲವರ್ಣ ಚಿತ್ರವೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಅವರು ಚಿತ್ರದುರ್ಗದಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು, ಈಗ ಇಲ್ಲ. ಚಿತ್ರದಲ್ಲಿ ಗಂಡ ಹೆಂಡತಿ ಬಂಡೆಯೊಂದರ ಮೇಲೆ ನಮಗೆ ಬೆನ್ನು ಮಾಡಿ ಕುಳಿತಿದ್ದಾರೆ. ಇಬ್ಬರ ನಡುವೆ ಒಂದು ಬಿಳಿ ಗಂಟು. ಬಲಕ್ಕೆ ಎಲೆಯಿಲ್ಲದ ಮರ, ಅದರ ಮೇಲೆ ಒಂದೇ ಒಂದು ಹಕ್ಕಿ. ದೂರದಲ್ಲಿ ದುರ್ಗದ ಗುಡ್ಡ, ಅದರ ಮೇಲೆ ಕಪ್ಪು ಮೋಡ. ನನ್ನ ಪತಿಗೆ ಇದು ಪ್ರೇಮದ ಚಿತ್ರ. ಅತ್ತೆಯವರಿಗೆ ಅಗಲಿಕೆಯ ಚಿತ್ರ. ನಡುಮನೆಯಲ್ಲಿ ಕಿಟಕಿಯ ಎದುರು ಗೋಡೆಗೆ ಹಾಕಿದ್ದೇವೆ, ಇಲ್ಲಿ ಇದು ಬೇಡ, ತೆಗೆದಿಡು ಎನ್ನುತ್ತಾರೆ. ನನಗೆ ಇಬ್ಬರೂ ಮುನಿಸಿಕೊಂಡು ಕುಳಿತಂತೆ ಕಾಣುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಬೋಳು ಮರ ಸಾವಿನ ಸಂಕೇತ, ಕಪ್ಪು ಮೋಡ ದುಃಖದ ಸಂಕೇತ ಎಂದು ಬರುತ್ತದೆ. ಫೋಟೊಗಳನ್ನು ಕಳುಹಿಸಿದ್ದೇನೆ. ಸರಿಯಾದ ಅರ್ಥ ಯಾವುದು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನೇರ ಮಾತು. ಫೋಟೊಗಳನ್ನು ದೊಡ್ಡದು ಮಾಡಿ ನೋಡಿದ ಮೇಲೆ ನನಗೆ ಅನ್ನಿಸಿದ್ದು, ಇದು ಅಗಲಿಕೆಯ ಚಿತ್ರವಲ್ಲ, ಮುನಿಸಿನದೂ ಅಲ್ಲ. ಮಳೆಗೆ ಕಾದು ಕುಳಿತ ಇಬ್ಬರ ಚಿತ್ರ. ನಿಮ್ಮ ಪತಿ ಹೇಳುವ ಪ್ರೇಮ ಇದರಲ್ಲಿದೆ, ಆದರೆ ಅವರು ಅಂದುಕೊಂಡ ಜಾಗದಲ್ಲಿಲ್ಲ. ಅತ್ತೆಯವರು ಕಂಡ ದೂರವೂ ಇದೆ. ಅದಕ್ಕೆ ಅವರು ಕೊಡುವ ಕಾರಣವನ್ನು ಮಾತ್ರ ನಾನು ಒಪ್ಪುವುದಿಲ್ಲ. ಚಿತ್ರವನ್ನು ಗೋಡೆಯಿಂದ ಇಳಿಸಿ ಎದುರಿಗೆ ಇಟ್ಟುಕೊಂಡು ಮುಂದೆ ಓದಿ. ನಾನು ಹೇಳಿದ್ದು ಅಲ್ಲಿ ಕಾಣದಿದ್ದರೆ ನಂಬಬೇಡಿ.

ಸಂಕೇತಗಳ ಗೊಡವೆಗೆ ಹೋಗುವ ಮುನ್ನ ಮೈಗಳನ್ನು ನೋಡಬೇಕು. ಚಿತ್ರದ ಭಾವ ಮೊದಲು ಬರುವುದು ಬೆನ್ನು, ಹೆಗಲು, ಕತ್ತು ಇವುಗಳ ಓರೆಯಿಂದ; ಮರ, ಮೋಡ, ಹಕ್ಕಿಗಳೆಲ್ಲ ಆಮೇಲೆ. ಮುನಿಸಿಕೊಂಡವರನ್ನು ಬರೆಯುವ ಚಿತ್ರಕಾರ ಹೆಗಲುಗಳನ್ನು ಹೊರಕ್ಕೆ ತಿರುಗಿಸುತ್ತಾನೆ, ಒಬ್ಬರ ತಲೆಯನ್ನಾದರೂ ತಗ್ಗಿಸುತ್ತಾನೆ. ಇಲ್ಲಿ ಎರಡು ತಲೆಗಳೂ ಒಂದೇ ಕಡೆಗೆ, ಎಡಕ್ಕೆ, ಮೋಡ ದಟ್ಟವಾಗಿರುವ ಕಡೆಗೆ ವಾಲಿವೆ. ಹೆಂಗಸಿನ ಗಲ್ಲ ತುಸು ಮೇಲಕ್ಕೆ ಎದ್ದಿದೆ. ಹಿಂದಿನಿಂದ ಕಾಣುವ ತುರುಬು ಬೆನ್ನಿಗೆ ತಾಗುವಷ್ಟು ಇಳಿದಿರುವುದೇ ಅದಕ್ಕೆ ಸಾಕ್ಷಿ. ಗಂಡಸು ತನ್ನ ಎಡಗೈಯನ್ನು ಬಂಡೆಗೆ ಊರಿದ್ದಾನೆ, ಅಂದರೆ ಅವಳ ಕಡೆಯ ಕೈ. ಬೆರಳ ತುದಿ ಗಂಟಿನ ಹತ್ತಿರ ಬಂದು ನಿಂತಿದೆ. ಸಿಟ್ಟಿನಲ್ಲಿರುವವನು ಆ ಕೈಯನ್ನು ಊರುವುದಿಲ್ಲ.

ಇವರು ಗಂಡ ಹೆಂಡತಿಯೇ ಎಂದು ಹೇಳಲು ಇನ್ನೊಂದು ಸಣ್ಣ ಆಧಾರವೂ ಇದೆ. ಚಿತ್ರದಲ್ಲಿ ಹೆಂಗಸು ಎಡಕ್ಕೆ, ಗಂಡಸು ಬಲಕ್ಕೆ ಇದ್ದಾರೆ. ನಾವು ಹಿಂದಿನಿಂದ ನೋಡುತ್ತಿರುವುದರಿಂದ ಅವಳು ಕುಳಿತಿರುವುದು ಅವನ ಎಡಭಾಗದಲ್ಲಿ. ಹಸೆಮಣೆಯ ಮೇಲೆ ಕೂರಿಸುವ ಕ್ರಮ. ಮೇಷ್ಟರು ಲೆಕ್ಕ ಹಾಕಿಯೇ ಕೂರಿಸಿದರೋ, ಕೈ ತಾನಾಗಿ ಬರೆಯಿತೋ, ಕ್ರಮವಂತೂ ತಪ್ಪಿಲ್ಲ.

ಒಬ್ಬರನ್ನೊಬ್ಬರು ನೋಡುತ್ತಿಲ್ಲವಲ್ಲ ಎಂಬ ನಿಮ್ಮ ಸಂಶಯಕ್ಕೆ ಹೊರಗಿನ ಎರಡು ಚಿತ್ರಗಳನ್ನು ನೆನೆಯೋಣ. ಇಂಗ್ಲೆಂಡಿನ ಥಾಮಸ್ ಗೇನ್ಸ್‌ಬರೊ ಸುಮಾರು 1750ರಲ್ಲಿ ಬರೆದ ಆಂಡ್ರೂಸ್ ದಂಪತಿಯ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವರ ಮದುವೆಯಾದದ್ದು 1748ರಲ್ಲಿ, ಹೆಚ್ಚುಕಡಿಮೆ ಹೊಸ ಜೋಡಿಯೇ. ಓಕ್ ಮರದ ಕೆಳಗೆ ಹೆಂಡತಿ ಬೆಂಚಿನ ಮೇಲೆ ಕುಳಿತಿದ್ದಾಳೆ, ಗಂಡ ಕಂಕುಳಲ್ಲಿ ಬಂದೂಕು ಇಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದಾನೆ, ನಾಯಿ ಅವನ ಮುಖ ನೋಡುತ್ತಿದೆ. ಗಂಡ ಹೆಂಡತಿ ಮಾತ್ರ ಪರಸ್ಪರ ನೋಡದೆ ನಮ್ಮನ್ನು ನೋಡುತ್ತಾರೆ. ಚಿತ್ರದ ಅರ್ಧಕ್ಕಿಂತ ಹೆಚ್ಚು ಜಾಗ ಅವರ ಜಮೀನಿಗೆ, ಕೊಯ್ದ ಗೋಧಿಯ ಹೊಲಕ್ಕೆ ಹೋಗಿದೆ. ಹೊಸ ಮದುವೆಯ ಚಿತ್ರವಾದರೂ ಅಲ್ಲಿ ಎದ್ದು ಕಾಣುವುದು ಆಸ್ತಿಯ ಠೀವಿ, ಒಲವನ್ನು ಹುಡುಕಬೇಕಾಗುತ್ತದೆ. ಹೆಂಡತಿಯ ಮಡಿಲಿನ ಜಾಗವನ್ನು ಗೇನ್ಸ್‌ಬರೊ ಪೂರ್ತಿ ಬರೆಯದೆಯೇ ಬಿಟ್ಟಿದ್ದಾನೆ. ಅಲ್ಲಿ ಏನು ಬರಬೇಕಿತ್ತು ಎಂದು ಜನ ಇವತ್ತಿಗೂ ವಾದಿಸುತ್ತಾರೆ.

ಇನ್ನೊಂದು ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಶ್‌ನದು. 1818ರಲ್ಲಿ ಮದುವೆಯಾದ ಆತ ಅದರ ಬೆನ್ನಿಗೇ ಹಾಯಿದೋಣಿಯ ಮೂತಿಯಲ್ಲಿ ಕುಳಿತ ಜೋಡಿಯೊಂದನ್ನು ಹಿಂದಿನಿಂದ ಬರೆದ. ಇಬ್ಬರೂ ದೂರದ ಊರಿನ ಗೋಪುರಗಳತ್ತ ನೋಡುತ್ತಿದ್ದಾರೆ, ಕೈ ಕೈ ಹಿಡಿದಿದ್ದಾರೆ. ಹಿಂದಿನಿಂದ ಬರೆದರೆ ಪಾತ್ರಗಳ ಮುಖ ನಮಗೆ ಸಿಗುವುದಿಲ್ಲ ನಿಜ. ಬದಲಿಗೆ ಅವರ ನೋಟ ಸಿಗುತ್ತದೆ. ಅವರು ಏನನ್ನು ನೋಡುತ್ತಿದ್ದಾರೋ ಅದನ್ನೇ ನಾವೂ ನೋಡುತ್ತೇವೆ. ಅತ್ತೆಯವರಿಗೆ ಬೆನ್ನು ಮಾಡಿ ಕುಳಿತದ್ದು ಅಪಶಕುನದಂತೆ ಕಂಡಿರಬಹುದು. ಚಿತ್ರಕಾರನ ದೃಷ್ಟಿಯಲ್ಲಿ ಅದು ನೋಡುವವರನ್ನು ಬಂಡೆಯ ಹಿಂದೆಯೇ ತಂದು ನಿಲ್ಲಿಸುವ ಉಪಾಯ.

ಈಗ ಮೊಬೈಲಿನ ಸಂಕೇತಪಟ್ಟಿಗೆ ಬರೋಣ. ಅದರಲ್ಲಿ ಇರುವುದೆಲ್ಲ ಸುಳ್ಳು ಎಂದಲ್ಲ. ಅದು ಬೇರೆ ಹವೆಯಲ್ಲಿ ಹುಟ್ಟಿದ ಪಟ್ಟಿ. ಫ್ರೀಡ್ರಿಶ್‌ನೇ ಬರೆದ, ಚಂದ್ರನನ್ನು ನೋಡುತ್ತ ನಿಂತ ಗಂಡು ಹೆಣ್ಣಿನ ಚಿತ್ರ ಬರ್ಲಿನ್ನಿನಲ್ಲಿದೆ. ಅದರಲ್ಲಿ ಬೇರು ಕಿತ್ತು ವಾಲಿದ ಓಕ್ ಮರವೂ ಇದೆ, ನಿತ್ಯಹಸಿರಿನ ಮರವೂ ಇದೆ. ಒಂದನ್ನು ಅಳಿವಿಗೆ, ಇನ್ನೊಂದನ್ನು ಉಳಿಯುವ ನಂಬಿಕೆಗೆ ಹೊಂದಿಸಿ ಓದುವ ರೂಢಿ ಅಲ್ಲಿದೆ. ಆರು ತಿಂಗಳು ಚಳಿ ಹಿಡಿಯುವ ನಾಡಿನಲ್ಲಿ ಬೋಳು ಮರ ಸಾವನ್ನು ನೆನಪಿಸುವುದು ಸಹಜ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿಯ ಇಳಿಜಾರಿನ ಕುರುಚಲು ಕಾಡಿನಲ್ಲಿ ಮರ ಬೋಳಾಗುವುದು ಬೇಸಿಗೆಯ ಬಾಯಲ್ಲಿ. ಮುತ್ತುಗ ಎಲೆ ಉದುರಿಸಿಕೊಂಡೇ ಹೂ ಬಿಡುತ್ತದೆ, ಬೂರುಗವೂ ಹಾಗೆಯೇ. ನಮ್ಮ ಕಡೆ ಬೋಳು ಮರ ಎಂದರೆ ಚಿಗುರಿಗೆ ಇನ್ನು ಕೆಲವೇ ವಾರ ಉಳಿದಿದೆ ಎಂದು.

ಸತ್ತ ಮರವನ್ನೇ ಬರೆದಿರಬಹುದಲ್ಲ ಎಂದು ನೀವು ಕೇಳಬಹುದು. ಕೊಂಬೆಗಳ ತುದಿ ನೋಡಿ. ಸತ್ತ ಮರದ ಸಣ್ಣ ಕಡ್ಡಿಗಳು ಮುರಿದು ಬಿದ್ದಿರುತ್ತವೆ, ದಪ್ಪ ಕೊಂಬೆಗಳು ಮೊಂಡಾಗಿ ನಿಂತಿರುತ್ತವೆ, ತೊಗಟೆ ಸುಲಿದು ಬಿಳಿಚಿರುತ್ತದೆ. ಮೇಷ್ಟರು ಬರೆದ ಮರದಲ್ಲಿ ಕೂದಲೆಳೆಯಂಥ ಕಡ್ಡಿಗಳೂ ಉಳಿದಿವೆ, ಎಲ್ಲವೂ ಮೇಲಕ್ಕೆ ಮುಖ ಮಾಡಿವೆ. ನಿಮ್ಮ ಮೂರನೆಯ ಫೋಟೊದಲ್ಲಿ ಮೇಲಿನ ಎರಡು ಕೊಂಬೆಗಳ ತುದಿಯನ್ನು ಹಿಗ್ಗಿಸಿ ನೋಡಿದರೆ ಕಂದಿನ ಮೇಲೆ ಕೆಂಪು ಚುಕ್ಕೆಗಳು ಕಾಣುತ್ತವೆ. ಅವು ಮೊಗ್ಗು. ಮರ ಬದುಕಿದೆ.

ಮೋಡದ ವಿಷಯ ಇನ್ನೂ ಸ್ಪಷ್ಟ. ವರ್ಷವಿಡೀ ತುಂತುರು ಹಿಡಿಯುವ ಊರಿನವರಿಗೆ ಕಪ್ಪು ಮೋಡ ಬೇಸರ ತರಬಹುದು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆ ಇರುವುದು ನಮ್ಮ ದುರ್ಗದ ಜಿಲ್ಲೆಯಲ್ಲೇ. ಅಲ್ಲಿ ಶೇಂಗಾ ಬಿತ್ತಲು ಆಕಾಶ ನೋಡುವ ರೈತನಿಗೆ ಕಪ್ಪು ಮೋಡಕ್ಕಿಂತ ಒಳ್ಳೆಯ ಬಣ್ಣ ಇನ್ನೊಂದಿಲ್ಲ. ಚಿತ್ರಕಲೆಯಲ್ಲೂ ನಮ್ಮ ಪರಂಪರೆ ಇದನ್ನೇ ಹೇಳುತ್ತದೆ. ಹನ್ನೆರಡನೆಯ ಶತಮಾನದ ಜಯದೇವನ ಗೀತಗೋವಿಂದ ಶುರುವಾಗುವುದೇ ಮೋಡ ಕವಿದ ಆಕಾಶದಿಂದ. ಕಾಡು ಕಪ್ಪಾಗಿದೆ, ಇರುಳಾಗಿದೆ, ಈ ಕೃಷ್ಣ ಅಂಜುತ್ತಾನೆ, ಮನೆಗೆ ಕರೆದುಕೊಂಡು ಹೋಗು ಎಂದು ರಾಧೆಗೆ ಹೇಳಿ ಕಳುಹಿಸುತ್ತಾರೆ. ದಾರಿಯಲ್ಲಿ ಯಮುನೆಯ ದಂಡೆಯ ಪೊದೆಗಳಲ್ಲಿ ಪ್ರೇಮ ಹುಟ್ಟುತ್ತದೆ. ಈ ಕಾವ್ಯಕ್ಕೆ ಸುಮಾರು 1775ರ ಹೊತ್ತಿಗೆ ಈಗಿನ ಹಿಮಾಚಲದ ಕಾಂಗ್ಡಾ ಕಡೆಯ ಪಹಾಡಿ ಚಿತ್ರಕಾರರು ಮಾಡಿದ ಚಿತ್ರಮಾಲೆ ಪ್ರಸಿದ್ಧ. ಪಹಾಡಿ ಚಿತ್ರಗಳಲ್ಲಿ ಕರಿಮೋಡ ಕೂಡುವ ತವಕದ ಬಣ್ಣ. ಮರಕ್ಕೆ ಸುತ್ತಿದ ಬಳ್ಳಿ ತಬ್ಬಿದ ಜೋಡಿಯ ಇನ್ನೊಂದು ರೂಪ. ವಿರಹಿಗೆ ಅದೇ ಮೋಡ ಸಂಕಟ ತರುತ್ತದೆ, ಅದೂ ಸರಿ. ಆದರೆ ವಿರಹದ ಚಿತ್ರದಲ್ಲಿ ಜೋಡಿಯಲ್ಲಿ ಒಬ್ಬರೇ ಇರುತ್ತಾರೆ. ನಿಮ್ಮ ಚಿತ್ರದಲ್ಲಿ ಇಬ್ಬರಿದ್ದಾರೆ.

ಹೀಗೆ ಬೋಳು ಮರವನ್ನೂ ಕರಿಮೋಡವನ್ನೂ ಒಟ್ಟಿಗೆ ಇಟ್ಟರೆ ಕಾಲ ತಾನಾಗಿ ಗೊತ್ತಾಗುತ್ತದೆ: ಏಪ್ರಿಲ್ ಕೊನೆ ಅಥವಾ ಮೇ ಮೊದಲು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ಹೇಳುತ್ತಾರಲ್ಲ, ಆ ಮಳೆಯ ಹೊತ್ತು. ಬಂಡೆಯ ಬುಡದಲ್ಲಿ ನೆರಳಿಲ್ಲದಿರುವುದೂ ಇದಕ್ಕೆ ಹೊಂದುತ್ತದೆ, ಮೋಡ ಸೂರ್ಯನನ್ನು ಆಗಲೇ ನುಂಗಿದೆ.

ಇನ್ನು ಆ ಬಿಳಿ ಗಂಟು. ನನ್ನನ್ನು ಕೇಳಿದರೆ ಇಡೀ ಚಿತ್ರ ನಿಂತಿರುವುದು ಅದರ ಮೇಲೆ. ಜಲವರ್ಣದಲ್ಲಿ ಬಿಳಿಯನ್ನು ಸಾಮಾನ್ಯವಾಗಿ ಹಚ್ಚುವುದಿಲ್ಲ, ಕಾಗದವನ್ನೇ ಬಿಡುತ್ತಾರೆ. ತೈಲವರ್ಣದಲ್ಲಾದರೆ ಚಿತ್ರ ಮುಗಿದ ಮೇಲೂ ಒಂದು ಬಿಳಿ ಚುಕ್ಕೆ ಇಡಬಹುದು, ಇಲ್ಲಿ ಆ ಸೌಕರ್ಯವಿಲ್ಲ. ಎಲ್ಲಿ ಬಿಳಿ ಬೇಕು ಎಂಬುದನ್ನು ಕುಂಚ ನೀರಿಗೆ ಅದ್ದುವ ಮೊದಲೇ ತೀರ್ಮಾನಿಸಿರಬೇಕು. ನಿಮ್ಮ ಹತ್ತಿರದ ಫೋಟೊದಲ್ಲಿ ಗಂಟಿನ ಸುತ್ತ ಬಂಡೆಯ ಬೂದುಬಣ್ಣ ನಿಂತು, ಒಣಗುವಾಗ ಅಂಚಿನಲ್ಲಿ ಕಡುಗೆರೆ ಕಟ್ಟಿರುವುದು ಕಾಣುತ್ತದೆ. ಅಂದರೆ ಬಣ್ಣದ ನೀರನ್ನು ಗಂಟಿನ ಆಕಾರದ ಹೊರಗೇ ನಿಲ್ಲಿಸಿ, ಸುತ್ತಿಸಿ, ಹುಷಾರಾಗಿ ಇಳಿಸಿದ್ದಾರೆ. ಗಂಟಿನ ಒಳಗೆ ಕಾಗದದ ತರಿ ಹಾಗೆಯೇ ಉಳಿದಿದೆ. ಬಿಳಿ ಬಣ್ಣ ಬಳಿದಿದ್ದರೆ ಸುಣ್ಣದಂತೆ ಮಂಕಾಗಿ ತರಿ ಮುಚ್ಚಿಹೋಗುತ್ತಿತ್ತು. ಎರಡು ಕಿವಿ ಎದ್ದ ಕಟ್ಟು, ಕೆಳಗೆ ತಿಳಿನೀಲಿಯ ಒಂದೇ ಎಳೆತ, ಅಷ್ಟರಲ್ಲಿ ಬುತ್ತಿಯ ಗಂಟು ಎಂದು ಗೊತ್ತಾಗುತ್ತದೆ. ಕೈ ಪಳಗಿದವರ ಕೆಲಸ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿಯವರಂಥ ಜಲವರ್ಣದ ದೊಡ್ಡ ಕಲಾವಿದರನ್ನು ಕೊಟ್ಟ ಜಿಲ್ಲೆ ಇದು. ನಿಮ್ಮ ಪತಿಯ ಸೋದರಮಾವನವರ ಹೆಸರು ಹೊರಗೆ ಬಾರದಿರಬಹುದು, ಆದರೆ ಕಾಗದ ಬಿಡುವ ಈ ಸಂಯಮ ಎಲ್ಲರಿಗೂ ಬರುವುದಿಲ್ಲ.

ಹಾಗಾದರೆ ಚಿತ್ರಕಾರ ಮೊದಲು ನಿರ್ಧರಿಸಿದ್ದು ದಂಪತಿಯನ್ನಲ್ಲ, ಅವರ ನಡುವಿನ ಬುತ್ತಿಯನ್ನು. ಒಂದು ಪ್ರಯೋಗ ಮಾಡಿ. ಗಂಟನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ. ಕೂಡಲೇ ಇಬ್ಬರ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಅಂತರ ಬಾಯಿ ತೆರೆಯುತ್ತದೆ. ಅತ್ತೆಯವರು ಹೇಳಿದ ಅಗಲಿಕೆ ಆಗ ನಿಜವಾಗಿಯೂ ಕಾಣುತ್ತದೆ. ಹೆಬ್ಬೆರಳು ತೆಗೆಯಿರಿ, ಅಂತರ ತುಂಬುತ್ತದೆ. ಒಬ್ಬರು ಕಟ್ಟಿದ್ದು, ಇಬ್ಬರು ಉಣ್ಣುವುದು, ಇನ್ನೂ ಬಿಚ್ಚಿಲ್ಲ. ಬಿತ್ತನೆಗೆ ಹೊಲ ಹಸನು ಮಾಡಿ, ಮಳೆ ಬಂದರೆ ಮನೆಗೆ ಓಡೋಣ, ಬಾರದಿದ್ದರೆ ಇಲ್ಲೇ ಉಂಡು ಇನ್ನಷ್ಟು ಕೆಲಸ ಮಾಡೋಣ ಎಂಬಂತೆ ಕುಳಿತಿದ್ದಾರೆ. ನಿಮ್ಮ ಪತಿ ಹೇಳುವ ಪ್ರೇಮ ಇರುವುದು ಇಲ್ಲಿ ಎಂದೇ ನಾನು ಓದುತ್ತೇನೆ.

ಹೆಬ್ಬೆರಳನ್ನು ಈಗ ಹಕ್ಕಿಯ ಮೇಲೆ ಇಡಿ. ಏನಾಯಿತು? ಏನೂ ಆಗಲಿಲ್ಲ. ಕವಲೊಡೆದ ಬಾಲ ನೋಡಿದರೆ ಅದು ಕಾಜಾಣ. ಬೋಳು ಕೊಂಬೆ ಅದಕ್ಕೆ ಇಷ್ಟದ ಜಾಗ, ಅಲ್ಲಿಂದ ಹಾರಿ ಹುಳ ಹಿಡಿದು ಮತ್ತೆ ಅಲ್ಲಿಗೇ ಬಂದು ಕೂರುತ್ತದೆ. ಒಣ ಕುಂಚದಲ್ಲಿ ಕೊನೆಗೆ ಇಟ್ಟ ಎರಡು ಗೀರು ಅದು, ಕೆಳಗಿನ ಆಕಾಶದ ಬಣ್ಣ ಪೂರ್ತಿ ಒಣಗಿದ ಮೇಲೆ ಬರೆದದ್ದು. ನಮ್ಮ ಕಾವ್ಯಗಳಲ್ಲಿ ಅಗಲಿಕೆಗೆ ಮೀಸಲಾದ ಹಕ್ಕಿ ಬೇರೆಯೇ ಇದೆ, ಇರುಳಾದರೆ ಜೋಡಿ ಬೇರಾಗುತ್ತದೆ ಎನ್ನುವ ಜಕ್ಕವಕ್ಕಿ. ಅದು ನೀರಹಕ್ಕಿ, ಬಂಡೆಗಾಡಿನ ಈ ಚಿತ್ರಕ್ಕೆ ಸಂಬಂಧವಿಲ್ಲ. ಚಿತ್ರದಲ್ಲಿ ಇರುವುದಕ್ಕೆಲ್ಲ ಅರ್ಥ ಹೊರಿಸುವ ಚಟ ವಿಮರ್ಶಕರಿಗೂ ಇದೆ. ಹಕ್ಕಿ ಕೂತಿದೆ, ಬಿಡಿ.

ಚಿತ್ರದ ಅರ್ಥವನ್ನು ಒಂದು ಸಣ್ಣ ವಸ್ತು ಎಷ್ಟರಮಟ್ಟಿಗೆ ತಿರುಗಿಸಬಲ್ಲದು ಎಂಬುದಕ್ಕೆ ಹೊಲದಲ್ಲಿ ನಿಂತ ಇನ್ನೊಂದು ಜೋಡಿಯ ಕಥೆ ಹೇಳಲೇಬೇಕು. ಫ್ರಾನ್ಸಿನ ಜಾನ್ ಫ್ರಾನ್ಸ್ವಾ ಮಿಲೆ 1857ರಿಂದ 1859ರ ನಡುವೆ ಬರೆದ ‘ಏಂಜಲಸ್’ (ಚರ್ಚಿನ ಗಂಟೆ ಕೇಳಿದಾಗ ಹೇಳುವ ಪ್ರಾರ್ಥನೆಯ ಹೆಸರು) ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಸಂಜೆಯ ಹೊಲ, ಒಬ್ಬ ಗಂಡಸು, ಒಬ್ಬ ಹೆಂಗಸು, ತಲೆ ತಗ್ಗಿಸಿ ನಿಂತಿದ್ದಾರೆ, ಕಾಲ ಬಳಿ ಆಲೂಗಡ್ಡೆಯ ಬುಟ್ಟಿ, ಪಕ್ಕದಲ್ಲಿ ನೆಲಕ್ಕೆ ಚುಚ್ಚಿದ ಕವೆಗೋಲು, ಹಿಂದೆ ಕೈಗಾಡಿ. ಚಿತ್ರ ಬರೆಸಿದ್ದ ಅಮೆರಿಕದವನು ಅದನ್ನು ಒಯ್ಯಲು ಬರಲೇ ಇಲ್ಲ. ಆಮೇಲೆ ಮಿಲೆ ದೂರದ ಅಂಚಿನಲ್ಲಿ ಒಂದು ಚರ್ಚಿನ ಗೋಪುರ ಸೇರಿಸಿ ಹೆಸರನ್ನೂ ಬದಲಿಸಿದ. ಮೊದಲಿನ ಹೆಸರು ಆಲೂಗಡ್ಡೆ ಬೆಳೆಗಾಗಿ ಪ್ರಾರ್ಥನೆ ಎಂದಿತ್ತು. ಗೋಪುರ ಬಂದದ್ದೇ ತಡ, ಬೆಳೆಯ ಚಿಂತೆ ಹೋಗಿ ಸಂಜೆಯ ಗಂಟೆಯ ಸದ್ದು ಕೇಳಿಸತೊಡಗಿತು. ಹೊಲದಲ್ಲಿ ದುಡಿಯುವಾಗ ಗಂಟೆ ಕೇಳಿದರೆ ತನ್ನ ಅಜ್ಜಿ ಕೆಲಸ ನಿಲ್ಲಿಸಿ, ಸತ್ತ ಬಡವರಿಗಾಗಿ ಪ್ರಾರ್ಥನೆ ಮಾಡಿಸುತ್ತಿದ್ದಳು ಎಂದು ಮಿಲೆ ನೆನಪಿಸಿಕೊಂಡಿದ್ದಾನೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ಪೇನಿನ ಸಾಲ್ವಡಾರ್ ಡಾಲಿ ಈ ಚಿತ್ರದ ಗುಂಗು ಹಿಡಿಸಿಕೊಂಡು, ಇವರು ಪ್ರಾರ್ಥಿಸುತ್ತಿರುವುದು ಗಂಟೆಗಲ್ಲ, ಹೂತ ಮಗುವಿಗೆ ಎಂದು ಹಟ ಹಿಡಿದ. ಕೊನೆಗೆ ಚಿತ್ರದ ಎಕ್ಸ್‌ರೇ ತೆಗೆದರು. ಬುಟ್ಟಿಯ ಜಾಗದಲ್ಲಿ ಬಣ್ಣದ ಅಡಿ ಪೆಟ್ಟಿಗೆಯಂಥ ಆಕಾರವೊಂದು ಕಂಡಿತು. ಅದು ಶವಪೆಟ್ಟಿಗೆಯೇ, ಚಿತ್ರಕಾರ ಮನಸ್ಸು ಬದಲಿಸಿ ಮುಚ್ಚಿದ ಇನ್ನೇನಾದರೂ ವಸ್ತುವೇ ಎಂಬುದು ಇತ್ಯರ್ಥವಾಗಿಲ್ಲ. ಡಾಲಿಯ ಕಥೆ ಎಷ್ಟು ನಿಜವೋ ಗೊತ್ತಿಲ್ಲ, ಆದರೆ ಆ ಚಿತ್ರದಲ್ಲಿ ಒಂದು ಭಾರ ಇದೆ ಎಂಬುದನ್ನು ಅವನ ಕಣ್ಣು ಸರಿಯಾಗಿಯೇ ಹಿಡಿದಿತ್ತು. ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕದಿರುವುದು ಇದೇ ಕಾರಣಕ್ಕೆ. ಅಂತರ ಇದೆ, ಅದು ಕಣ್ಣಿಗೆ ಚುಚ್ಚುತ್ತದೆ. ಅದನ್ನು ಶಕುನವಾಗಿ ಓದದೆ ಸಂಯೋಜನೆಯಾಗಿ ಓದಿ ಎಂದಷ್ಟೇ ನನ್ನ ಮನವಿ.

ಮಿಲೆಯ ಚಿತ್ರಕ್ಕೂ ನಿಮ್ಮದಕ್ಕೂ ಒಂದು ವ್ಯತ್ಯಾಸವನ್ನೂ ಗಮನಿಸಿ. ಅಲ್ಲಿ ತಲೆಗಳು ಬಯಲಿನ ಗೆರೆ ದಾಟಿ ಆಕಾಶಕ್ಕೆ ಎದುರಾಗಿವೆ. ಅದರಿಂದಲೇ ಒಂಟಿತನ, ಗಾಂಭೀರ್ಯ. ಮೇಷ್ಟರು ಇಬ್ಬರ ತಲೆಗಳನ್ನೂ ಗುಡ್ಡದ ಗೆರೆಯ ಕೆಳಗೇ ಇಟ್ಟಿದ್ದಾರೆ. ಕೋಟೆಗೋಡೆಯ ಸಾಲು ಅವರ ಮೇಲೆ ಹಾದುಹೋಗುತ್ತದೆ. ಹೀಗಾಗಿ ಅವರು ನೆಲಕ್ಕೆ ಸೇರಿದವರಂತೆ, ಆ ಗುಡ್ಡದ ಮಡಿಲಲ್ಲಿ ಕುಳಿತವರಂತೆ ಕಾಣುತ್ತಾರೆ. ಅಂದಹಾಗೆ ಗುಡ್ಡಸಾಲಿನಲ್ಲಿ ಒಂದೂ ಗಾಳಿಯಂತ್ರ ಇಲ್ಲ. ಚಿತ್ರ ಅವು ಬರುವ ಮೊದಲಿನದು, ಇಲ್ಲವೇ ಬೇಕೆಂದೇ ಬಿಟ್ಟದ್ದು.

ಒಂದು ವಿಷಯವನ್ನು ಮಾತ್ರ ಫೋಟೊ ನೋಡಿ ತೀರ್ಮಾನಿಸಲಾಗದು. ಹೆಂಗಸಿನ ಸೀರೆ ಈಗ ಬೂದು ಮಿಶ್ರಿತ ಕಂದು. ಇಡೀ ಚಿತ್ರ ಮಂಕಾಗಿ, ಸೂತಕದ ಮನೆಯಂತೆ ಕಾಣಲು ಅದೂ ಕಾರಣ. ಜಲವರ್ಣದ ಕೆಲವು ಕೆಂಪುಗಳು, ಅದರಲ್ಲೂ ಅಲಿಝರಿನ್ ಕ್ರಿಮ್ಸನ್, ಬೆಳಕಿಗೆ ಬೇಗ ಮಾಸುತ್ತವೆ. ತೆಳುವಾಗಿ ಹಚ್ಚಿದ್ದರೆ ಇನ್ನೂ ಬೇಗ. ನಿಮ್ಮ ಚಿತ್ರ ಕಿಟಕಿಯ ಎದುರು ಗೋಡೆಯಲ್ಲಿದೆ ಎಂದು ಬರೆದಿದ್ದೀರಿ. ಸೀರೆ ಮೊದಲು ಕುಂಕುಮದ ಬಣ್ಣದಲ್ಲಿದ್ದಿರಬಹುದು. ಸೀರೆಯ ಸೆರಗು ಎಡಕ್ಕೆ ಮೌಂಟಿನ (ಚಿತ್ರದ ಸುತ್ತ ಫ್ರೇಮಿನೊಳಗೆ ಇಡುವ ರಟ್ಟಿನ) ಅಂಚಿನವರೆಗೂ ಹರಡಿರುವುದು ನಿಮ್ಮ ಅದೃಷ್ಟ. ಮೌಂಟಿನ ಅಡಿ ಬೆಳಕು ಹೋಗುವುದಿಲ್ಲ, ಅಲ್ಲಿ ಸೆರಗಿನ ಮೂಲ ಬಣ್ಣ ಒಂದು ಪಟ್ಟಿಯಷ್ಟಾದರೂ ಉಳಿದಿರುತ್ತದೆ. ಅದು ಕೆಂಪಾಗಿದ್ದರೆ ಅತ್ತೆಯವರಿಗೇ ಮೊದಲು ತೋರಿಸಿ. ಚಿತ್ರ ಬರೆದವರು ಅವರ ಒಡಹುಟ್ಟಿದವರಲ್ಲವೇ? ಆ ಬಂಡೆ ಯಾವ ದಾರಿಯಲ್ಲಿದೆ, ಕುಳಿತವರು ಯಾರನ್ನು ಹೋಲುತ್ತಾರೆ ಎಂದು ನನಗಿಂತ ಅವರೇ ಚೆನ್ನಾಗಿ ಹೇಳಿಯಾರು.

ಎಲ್ಲಿ ತೂಗುಹಾಕಬೇಕು ಎಂಬುದಕ್ಕೆ ವಾಸ್ತು ನನ್ನ ಕ್ಷೇತ್ರವಲ್ಲ. ಕಾಗದದ ಮೇಲಿನ ಚಿತ್ರವನ್ನು ನೇರ ಬಿಸಿಲು ಬೀಳದ, ಹೊರಮಳೆಯ ತೇವ ಬಾರದ ಒಳಗೋಡೆಗೆ ಹಾಕಬೇಕು, ನಡುಮನೆಯೇ ಆಗಬೇಕೆಂದಿಲ್ಲ. ಫ್ರೇಮು ಬಿಚ್ಚಿಸುವಾಗ ಎದುರಿಗೇ ನಿಂತಿರಿ. ಹಳೆಯ ಹಾರ್ಡ್‌ಬೋರ್ಡನ್ನೂ ಹಳದಿಯಾದ ಮೌಂಟನ್ನೂ ತೆಗೆಸಿ ಆಮ್ಲರಹಿತ ಬೋರ್ಡ್ ಹಾಕಿಸಿ, ಗಾಜು ಚಿತ್ರಕ್ಕೆ ಅಂಟದಂತೆ ನಡುವೆ ಮೌಂಟಿನ ದಪ್ಪ ಉಳಿಯಲಿ. ಗೋಂದಿನ ಟೇಪನ್ನು ಚಿತ್ರದ ಕಾಗದಕ್ಕೆ ಅಂಟಿಸಲು ಬಿಡಬೇಡಿ.

ಕಾಗದದ ಹಿಂಬದಿಯನ್ನೂ ನೋಡಿ. ಡ್ರಾಯಿಂಗ್ ಮೇಷ್ಟರುಗಳಿಗೆ ಸ್ಥಳ, ತಾರೀಕು ಪೆನ್ಸಿಲಿನಲ್ಲಿ ಬರೆದಿಡುವ ಅಭ್ಯಾಸ ಇರುತ್ತದೆ. ಬರಹವಿದ್ದರೆ ಮುಚ್ಚುವ ಮೊದಲು ಅದರ ಫೋಟೊ ತೆಗೆದು ಕಳುಹಿಸಿ. ಶೀರ್ಷಿಕೆಗಿಂತ ನನಗೆ ತಾರೀಕು ಮುಖ್ಯ. ಏಪ್ರಿಲ್ ಅಥವಾ ಮೇ ಎಂದಿದ್ದರೆ ಮೇಲೆ ಹೇಳಿದ್ದು ನಿಲ್ಲುತ್ತದೆ. ನವೆಂಬರ್ ಎಂದಿದ್ದರೆ ನಮ್ಮ ಕಾಡಿನ ಮರಗಳು ಆಗ ಇನ್ನೂ ಎಲೆ ಹೊತ್ತಿರುತ್ತವೆ. ಮೇಷ್ಟರು ಎಲೆಗಳನ್ನು ಬೇಕೆಂದೇ ಉದುರಿಸಿದ್ದಾರೆ ಎಂದಾಗುತ್ತದೆ, ಆಗ ಮರವನ್ನೂ ಮೋಡವನ್ನೂ ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ.